ನಡುವೆ ಕೈಯೊಡ್ಡುವವರು

ಬದಿಯಡ್ಕದ ಕಡೆಯ ಕಂಗಿನ ತೋಟದಿಂದ ಮದುವೆಯಾಗಿ ನಾನು ಬಂದು ಸೇರಿದ ಊರು ಅದಿಯಮಾನ್‌ಕೋಟೆ. ಧರ್ಮಪುರಿಯಿಂದ ಸೇಲಂ ರಸ್ತೆಯಲ್ಲಿ ಏಳೆಂಟು ಕಿಲೋಮೀಟರು. ಔವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ಹೆಸರು ಹೊತ್ತ ಊರು. ಚೆನ್ನರಾಯ ಪೆರುಮಾಳ್ ದೇವಸ್ಥಾನದ ಮಂಟಪದಲ್ಲಿ ತಲೆಯೆತ್ತಿದರೆ ಹಳೆಯ ವರ್ಣಚಿತ್ರಗಳು. ನಮ್ಮ ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ತಮಿಳು. ತವರಿನಲ್ಲಿ ಅಂಗಳ ದಾಟಿದರೆ ಮಲಯಾಳವಿತ್ತು. ಹಾಗಾಗಿ ಇಲ್ಲಿ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ.

ಮಗಳು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಪಾಠವೆಲ್ಲ ತಮಿಳು, ಇಂಗ್ಲಿಷಿನಲ್ಲಿ. ಒಂದು ಸಂಜೆ ಕಾಲೇಜಿನಿಂದ ಬಂದವಳೇ ಅಜ್ಜಿಯ ಪಕ್ಕ ಕೂತು, ಅಂದು ಮಾಡಿದ ಪ್ರಯೋಗವನ್ನು ಹೇಳಲು ಹೊರಟಳು. ನಮ್ಮ ಅತ್ತೆಯವರಿಗೆ ಕನ್ನಡದಲ್ಲೇ ಹೇಳಬೇಕು. ತಮಿಳು ಬಾರದೆಂದಲ್ಲ, ಮೊಮ್ಮಗಳ ಬಾಯಿಂದ ಕನ್ನಡವೇ ಬರಬೇಕೆಂಬ ಹಟ.

ಪಾಲಕ್ ಸೊಪ್ಪನ್ನು ತಣ್ಣನೆಯ ಸಕ್ಕರೆನೀರಿನಂಥ ದ್ರಾವಣದಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದರಂತೆ. ಆ ಹಸಿರು ರಸಕ್ಕೆ ಡಿಸಿಪಿಐಪಿ ಎಂಬ ನೀಲಿ ಬಣ್ಣದ ನಾಲ್ಕು ಹನಿ. ಒಂದು ನಳಿಕೆಗೆ ಕಪ್ಪು ಕಾಗದ ಸುತ್ತಿಟ್ಟರು, ಇನ್ನೊಂದನ್ನು ದೀಪದ ಎದುರು ನಿಲ್ಲಿಸಿದರು. ಕತ್ತಲಲ್ಲಿದ್ದದ್ದು ನೀಲಿಯಾಗಿಯೇ ಉಳಿಯಿತು. ಬೆಳಕಿನದು ಕೆಲವು ನಿಮಿಷಗಳಲ್ಲಿ ನೀಲಿ ಕಳೆದುಕೊಂಡು ಬರೀ ಸೊಪ್ಪಿನ ಹಸಿರಾಯಿತು.

“ನೀಲಿ ಎಲ್ಲಿಗೆ ಹೋಯಿತು?” ಎಂದರು ಅತ್ತೆ.

ಇಲೆಕ್ಟ್ರಾನಿಗೆ ಕನ್ನಡದಲ್ಲಿ ಏನನ್ನುವುದು? ಮಗಳು ನನ್ನ ಮುಖ ನೋಡಿದಳು. ನಾನು ಚರಿತ್ರೆ ಓದಿ ಬಿ.ಎ. ಮಾಡಿದವಳು, ಬ್ಯಾಂಕಿನಲ್ಲಿ ಗುಮಾಸ್ತೆ. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಬಾವಿಯಿಂದ ತೊಟ್ಟಿಯವರೆಗೆ ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಎಲೆಯ ಮೇಲೆ ಬಿಸಿಲು ಬಿದ್ದಾಗ ನೀರು ಒಡೆದು ಇಲೆಕ್ಟ್ರಾನ್ ಹೊರಡುತ್ತದೆ, ಹತ್ತಾರು ಕೈ ದಾಟಿ ಕೊನೆಗೆ ಎನ್‌ಎಡಿಪಿ ಎಂಬುದರ ಕೈಸೇರುತ್ತದೆ. ಗಿಡದ ಅಡಿಗೆ ಅಲ್ಲಿಂದ ಮುಂದೆ. ಈ ನೀಲಿ ಸಾಲಿನವನಲ್ಲ. ನಡುವೆ ಬಂದು ಕೈಯೊಡ್ಡುತ್ತಾನೆ, ಕೊಡ ಸಿಕ್ಕಿದೊಡನೆ ಅವನ ಬಣ್ಣ ಹೋಗುತ್ತದೆ. ಬಣ್ಣ ಹೋದರೆ ಸಾಲು ಕೆಲಸ ಮಾಡುತ್ತಿದೆ ಎಂದು ಲೆಕ್ಕ.

ನನಗಿದು ಬ್ಯಾಂಕಿನ ಸಸ್ಪೆನ್ಸ್ ಖಾತೆಯಂತೆ ಕಂಡಿತು. ಹಣ ಬಂದಿದೆ, ಸೇರಬೇಕಾದ ಖಾತೆ ಗೊತ್ತಿಲ್ಲ. ಆಗ ಅದನ್ನು ತಾತ್ಕಾಲಿಕವಾಗಿ ಒಂದು ಕಡೆ ಹಾಕುತ್ತೇವೆ. ಬಂದದ್ದಂತೂ ಖಚಿತವಾಗುತ್ತದೆ.

ಇದನ್ನು ಮೊದಲು ತೋರಿಸಿದವರು ಕೇಂಬ್ರಿಜ್‌ನ ರಾಬರ್ಟ್ ಹಿಲ್, 1937ರಲ್ಲಿ. ಎಲೆ ಜಜ್ಜಿ ಬೇರ್ಪಡಿಸಿದ ಹಸಿರು ಕಣಗಳಿಗೆ ಅವರು ಕೊಟ್ಟದ್ದು ಕಬ್ಬಿಣದ ಲವಣ. ಸಕ್ಕರೆ ತಯಾರಾಗಲಿಲ್ಲ, ಆದರೆ ಬೆಳಕಿನಲ್ಲಿ ಆಮ್ಲಜನಕ ಬಂತು. ಬಂತೆಂದು ತಿಳಿಯಲು ಹಿಮೋಗ್ಲೋಬಿನ್ ಬಳಸಿದರು. ಆಮ್ಲಜನಕ ಬಿಡುವುದೂ ಸಕ್ಕರೆ ಮಾಡುವುದೂ ಬೇರೆ ಬೇರೆ ಕೆಲಸವೆಂದು ಹಾಗೆ ತಿಳಿಯಿತು. ಆ ಆಮ್ಲಜನಕ ನೀರಿನದೇ ಎಂಬುದಕ್ಕೆ 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರದ ಆಮ್ಲಜನಕ ಬಳಸಿ ಪುರಾವೆ ಒದಗಿಸಿದರು. ಆಮೇಲೆ ಇಂಥ ಕೈಯೊಡ್ಡುವವರು ಹಲವರು ಬಂದರು. ಒಬ್ಬೊಬ್ಬರು ಸಾಲಿನ ಒಂದೊಂದು ಕಡೆ ನಿಲ್ಲುತ್ತಾರೆ: ಕೆಲವು ಕ್ವಿನೋನುಗಳು ಆರಂಭದ ಹತ್ತಿರ, ಮೀಥೈಲ್ ವಯೊಲೊಜೆನ್ ತುದಿಯಲ್ಲಿ. ಆರಂಭದವನಿಗೆ ಕೊಡ ಸಿಕ್ಕಿ ತುದಿಯವನಿಗೆ ಸಿಗದಿದ್ದರೆ ತಡೆ ನಡುವೆಯೇ ಇದೆ. ಯಾವ ಕೌಂಟರಿನಲ್ಲಿ ಚೀಟಿ ನಿಂತಿತೆಂದು ಹುಡುಕುವಾಗ ನಾವು ಮಾಡುವುದೂ ಇದನ್ನೇ.

ಮೀಥೈಲ್ ವಯೊಲೊಜೆನ್ ಎಂದಾಗ ಮಗಳು ಮಾತು ನಿಲ್ಲಿಸಿದಳು. “ಅಮ್ಮಾ, ಇದರ ಇನ್ನೊಂದು ಹೆಸರು ಪ್ಯಾರಾಕ್ವಾಟ್. ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ.”

ಮಾವಿನ ತೋಪಿನ ಹುಲ್ಲಿಗೆಂದು ಮೈದುನ ತಂದಿಟ್ಟಿದ್ದ ಸೀಸೆ. ಪ್ರಯೋಗಾಲಯದಲ್ಲಿ ಹನಿಯಷ್ಟು, ತೋಪಿನಲ್ಲಿ ಲೀಟರುಗಟ್ಟಲೆ, ಕೆಲಸ ಒಂದೇ. ಅದು ಇಲೆಕ್ಟ್ರಾನನ್ನು ಕಿತ್ತುಕೊಂಡು ಸುಮ್ಮನಿರುವುದಿಲ್ಲ. ಪಕ್ಕದ ಆಮ್ಲಜನಕಕ್ಕೆ ಕೊಟ್ಟು ಅದನ್ನು ಕೆರಳಿಸುತ್ತದೆ, ಮತ್ತೆ ಬರಿಗೈಯಲ್ಲಿ ಬಂದು ಇನ್ನೊಂದನ್ನು ಕೀಳುತ್ತದೆ. ಕೆರಳಿದ ಆಮ್ಲಜನಕ ಎಲೆಯ ಪೊರೆಗಳನ್ನು ಸುಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಹುಲ್ಲು ಬೇಗ ಒಣಗುವುದು ಅದಕ್ಕೇ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಗಿಡದ ಕೈಯಿಂದ ಕಿತ್ತುಕೊಳ್ಳೋದು ಮನುಷ್ಯನನ್ನ ಬಿಡುತ್ತೇನೆ?”

ಬಿಡುವುದಿಲ್ಲ. ನಮ್ಮ ಶ್ವಾಸಕೋಶ ಅದನ್ನು ಹುಡುಕಿ ಎಳೆದುಕೊಳ್ಳುತ್ತದೆ, ಅಲ್ಲಿ ಬಿಸಿಲೂ ಬೇಡ. ಮೈಯಲ್ಲೇ ಇರುವ ಇಲೆಕ್ಟ್ರಾನು ಸಾಕು. ಒಂದು ಗುಟುಕು ಒಳಗೆ ಹೋದರೂ ಪ್ರಾಣಕ್ಕೆ ಅಪಾಯ. ಅದನ್ನು ಇಳಿಸುವ ಮದ್ದಿಲ್ಲ. 1962ರಲ್ಲಿ ಮಾರುಕಟ್ಟೆಗೆ ಬಂದದ್ದನ್ನು ಸ್ವೀಡನ್ 1983ರಲ್ಲೇ ನಿಲ್ಲಿಸಿತು. ಐರೋಪ್ಯ ಒಕ್ಕೂಟದಲ್ಲಿ ಅದರ ಅನುಮತಿ 2007ರಲ್ಲಿ ರದ್ದಾಯಿತು. ಕೇರಳ ಸರಕಾರ 2011ರಲ್ಲಿ ನಿಷೇಧಿಸಿದ ವಿಷಗಳ ಪಟ್ಟಿಯಲ್ಲಿ ಇದೂ ಇತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ನಮ್ಮ ಕಾಸರಗೋಡಿನವರಿಗೆ ವಿಷದ ಮಾತು ವಿವರಿಸಬೇಕಿಲ್ಲ. ಅದರ ದಾರಿ ಬೇರೆ, ಅದು ನರಕ್ಕೆ ಹೋಗುವಂಥದು.

ಮೈದುನನ ಮಾತಿನಲ್ಲೂ ಹುರುಳಿಲ್ಲದಿರಲಿಲ್ಲ. ಹುಲ್ಲು ಹೆರೆಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೆಚ್ಚು, ಮಾವಿನ ಬೆಲೆ ಅವನ ಕೈಯಲ್ಲಿಲ್ಲ. “ಅತ್ತಿಗೆ, ನಿಮಗೆ ತಿಂಗಳಾದರೆ ಸಂಬಳ,” ಎಂದ. ಬೆಳೆಸಾಲದ ಕಡತಗಳನ್ನು ದಿನವೂ ನೋಡುವ ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮದ್ದು ಹೊಡೆಯುವ ಆಳು ಬಂದ. ಅವನ ಮನೆಮಾತೂ ಕನ್ನಡ. ಸೀಸೆಯ ಸಣ್ಣ ಅಕ್ಷರವನ್ನು ಅವನು ಯಾವ ಭಾಷೆಯಲ್ಲೂ ಓದಲಾರ. ಮಗಳು ಬಾವಿಯ ಸಾಲಿನ ಕಥೆಯನ್ನು ಅವನಿಗೂ ಹೇಳಿದಳು. ಕೇಳಿಸಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಹೊಡೆದ ದಿನ ರಾತ್ರಿ ಮೂಗಲ್ಲಿ ರಕ್ತ ಬರ್ತಿತ್ತವ್ವ. ಬಿಸಿಲಿಗೆ ಅಂದ್ಕೊಂಡಿದ್ದೆ.”

ಮೈದುನ ಜಗಲಿಯಲ್ಲೇ ಇದ್ದ, ಏನೂ ಹೇಳಲಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ವಿಚಾರಿಸಲು ಮಧ್ಯಾಹ್ನ ಧರ್ಮಪುರಿಗೆ ಹೋದ.