ಮುಲಾಸೆನ್ ಬುಡದ ಬಿಳಿ ಊರು: ಕಪಿಲೇರಾದಲ್ಲಿ ಐದು ದಿನ

ಸ್ಪೇನ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಬಾರ್ಸಿಲೋನಾ, ಮ್ಯಾಡ್ರಿಡ್, ಇಲ್ಲಾಂದ್ರೆ ‘ಜಿಂದಗಿ ನ ಮಿಲೇಗಿ ದೊಬಾರಾ’ ಸಿನಿಮಾದ ಟೊಮ್ಯಾಟೊ ಹಬ್ಬ. ಷೆಂಗೆನ್ ವೀಸಾಗೆ ಅಷ್ಟೊಂದು ಕಾಗದ ಜೋಡಿಸಿ, ರಜೆಗಾಗಿ ಮ್ಯಾನೇಜರ್‌ನ ಕಾಡಿಬೇಡಿ ಹೋದಮೇಲೆ ಎಂಟು ದಿನಕ್ಕೆ ಐದು ನಗರ ಮುಗಿಸಿ ಬರೋದು ವಾಡಿಕೆ. ಬಂದಮೇಲೆ ನೆನಪಿರೋದು ರೈಲ್ವೆ ಸ್ಟೇಷನ್ನು, ಎಳೆದಾಡಿದ ಸೂಟ್‌ಕೇಸು. ನಾನೂ ನನ್ನ ಗಂಡನೂ ಕಳೆದ ಸೆಪ್ಟೆಂಬರ್‌ನಲ್ಲಿ ಇದರ ಉಲ್ಟಾ ಮಾಡಿದೆವು. ಗ್ರನಾಡಾದಲ್ಲಿ ಎರಡು ರಾತ್ರಿ ಕಳೆದು, ಉಳಿದ ಐದನ್ನು ಪೂರ್ತಿ ಒಂದೇ ಹಳ್ಳಿಗೆ ಕೊಟ್ಟೆವು. ಆ ಹಳ್ಳಿಯ ಹೆಸರು ಕಪಿಲೇರಾ.

ಸ್ಪೇನಿನ ದಕ್ಷಿಣದ ಆಂಡಲೂಸಿಯಾ ಪ್ರಾಂತದಲ್ಲಿ ಸಿಯೆರಾ ನೆವಾಡಾ ಅನ್ನೋ ಬೆಟ್ಟಸಾಲಿದೆ. ಹೆಸರಿನ ಅರ್ಥವೇ ಹಿಮದ ಬೆಟ್ಟಸಾಲು. ಅದರ ದಕ್ಷಿಣದ ಇಳಿಜಾರಿಗೆ ಅಲ್ಪುಹಾರಾ ಅಂತಾರೆ. ಅಲ್ಲಿ ಪೊಕೇರಾ ನದಿಯ ಆಳವಾದ ಕಣಿವೆಯ ಒಂದೇ ಮಗ್ಗುಲಿಗೆ, ಒಂದರ ಮೇಲೊಂದು ಮೂರು ಊರು: ಕೆಳಗೆ ಪಂಪನೇರಾ, ನಡುವೆ ಬುಬಿಯೋನ್, ಮೇಲೆ ಕಪಿಲೇರಾ. ಕಪಿಲೇರಾದ ಎತ್ತರ 1,436 ಮೀಟರ್. ಅಂದ್ರೆ ಮಡಿಕೇರಿಗಿಂತ ಮೇಲೆ, ಮುಳ್ಳಯ್ಯನಗಿರಿಗಿಂತ ಕೆಳಗೆ. ಆದರೆ ಹಳ್ಳಿಯ ನೆತ್ತಿಯ ಮೇಲಿರೋ ಮುಲಾಸೆನ್ ಶಿಖರ 3,479 ಮೀಟರ್, ಐಬೀರಿಯನ್ ಪರ್ಯಾಯದ್ವೀಪದಲ್ಲೇ ಅತಿ ಎತ್ತರದ್ದು. (ಇಡೀ ಸ್ಪೇನಿನ ಲೆಕ್ಕದಲ್ಲಿ ಕ್ಯಾನರಿ ದ್ವೀಪದ ತೇಯ್ಡೆ ಇದಕ್ಕಿಂತ ದೊಡ್ಡದು. ಊರಿನವರ ಮುಂದೆ ಈ ಮಾತು ಎತ್ತಬೇಡಿ.)

ಗ್ರನಾಡಾದಿಂದ ಸಾರ್ವಜನಿಕ ಬಸ್ಸೇ ಇದೆ. ದಿನಕ್ಕೆ ಕೆಲವೇ ಟ್ರಿಪ್. ಎರಡೂವರೆ ತಾಸಿನ ದಾರಿಯಲ್ಲಿ ಕೊನೆಯ ಒಂದು ತಾಸು ಬರೀ ತಿರುವು. ಚಾರ್ಮಾಡಿಯಲ್ಲಿ ವಾಂತಿ ಮಾಡಿಕೊಳ್ಳೋರು ಮಾತ್ರೆ ನುಂಗಿಯೇ ಹತ್ತಬೇಕು. ಲಾಂಹರೋನ್, ಓರ್ಹಿವಾ ದಾಟಿದ ಮೇಲೆ ಕಿಟಕಿಯ ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಬರೀ ಗಾಳಿ.

ಬಸ್ಸಿಳಿದು ಊರು ನೋಡಿದ ಕೂಡಲೇ ನಂಗೆ ಗದಗಿನ ಹತ್ತಿರದ ನಮ್ಮಜ್ಜನ ಮನೆ ನೆನಪಾಯ್ತು. ಸ್ಪೇನಿನ ಬೇರೆ ಕಡೆ ಕೆಂಪು ಹಂಚಿನ ಮನೆಗಳು. ಇಲ್ಲಿ ಮಾತ್ರ ಎಲ್ಲಾ ಮನೆಗೂ ಚಪ್ಪಟೆ ಮಣ್ಣಿನ ಮಾಳಿಗೆ! ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಹಾಸುಗಲ್ಲು ಅಥವಾ ಜೊಂಡು, ಅದರ ಮೇಲೆ ‘ಲೌನಾ’ ಅನ್ನೋ ಬೂದು ಬಣ್ಣದ ಮಣ್ಣು. ಒದ್ದೆಯಾದರೆ ಈ ಮಣ್ಣು ಬಿಗಿದುಕೊಳ್ಳುತ್ತೆ, ನೀರು ಇಳಿಯೋಕೆ ಬಿಡಲ್ಲ. ನಮ್ಮ ಕಡೆ ಮಳೆಗಾಲದ ಮುಂಚೆ ಮಾಳಿಗೆ ಮೇಲೆ ಮಣ್ಣು ಹಾಕಿ ತುಳಿಯೋದು ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಉತ್ತರ ಆಫ್ರಿಕಾದ ಬರ್ಬರ್ ಜನರ ಬೆಟ್ಟದೂರುಗಳಲ್ಲೂ ಇಂಥದೇ ಮನೆಗಳು. ಓಣಿಗಳೋ, ಕತ್ತೆಗಳಿಗೆ ಅಳತೆ ಹಿಡಿದು ಮಾಡಿದಷ್ಟು ಕಿರಿದು. ಅಲ್ಲಲ್ಲಿ ಓಣಿಯ ಮೇಲೇ ಮನೆಯ ಒಂದು ಕೋಣೆ ಚಾಚಿಕೊಂಡಿರುತ್ತೆ. ಅದಕ್ಕೆ ‘ತಿನಾವೊ’ ಅಂತ ಹೆಸರು. ಬಿಸಿಲಿಗೂ ಹಿಮಕ್ಕೂ ಅದೇ ಕೊಡೆ.

ಆದರೆ ನನ್ನ ಮಟ್ಟಿಗೆ ಈ ಊರಿನ ನಿಜವಾದ ವಿಷಯ ಮನೆಯಲ್ಲ, ನೀರು.

ಅಂಡಲೂಸಿಯಾ ಬೇಸಿಗೆಯಲ್ಲಿ ಸುಟ್ಟ ರೊಟ್ಟಿ ಥರ ಇರುತ್ತೆ. ಹಾಗಿದ್ದೂ ಈ ಕಣಿವೆ ಮಾತ್ರ ಹಸಿರು. ಕಾರಣ ಏನು ಅಂತ ಮೊದಲ ದಿನದ ನಡಿಗೆಯಲ್ಲೇ ಗೊತ್ತಾಯ್ತು. ಊರ ಮೇಲ್ಗಡೆಯಿಂದ ಹೊರಟು, ಕಣಿವೆಯ ತುದಿಯಲ್ಲಿರೋ ಲಾ ಸೆಬಾಡಿಯಾ ಅನ್ನೋ ಖಾಲಿ ಊರಿಗೆ ಹೋದೆವು. ವಿದ್ಯುತ್ ಕೇಂದ್ರದ ಕೆಲಸಗಾರರಿಗಾಗಿ ಕಟ್ಟಿದ ಕಾಲೊನಿ ಅದು. ಈಗ ಅಲ್ಲಿ ಯಾರೂ ಇಲ್ಲ. ದಾರಿಯುದ್ದಕ್ಕೂ ಪಕ್ಕದಲ್ಲೇ ಮೊಣಕಾಲುದ್ದದ ಒಂದು ಕಾಲುವೆ ಸದ್ದು ಮಾಡಿಕೊಂಡು ಬರ್ತಿತ್ತು. ಇದಕ್ಕೆ ‘ಅಸೇಕಿಯಾ’ ಅಂತಾರೆ. ಅರಬ್ಬಿ ಮಾತು. ಇಲ್ಲಿನ ತೊಟ್ಟಿ, ಹೊಂಡಗಳಿಗಿರೋ ಸ್ಪ್ಯಾನಿಷ್ ಹೆಸರುಗಳೂ ಅರಬ್ಬಿಯಿಂದಲೇ ಬಂದವು. ಎಂಟುನೂರು ವರ್ಷದ ಹತ್ತಿರ ಹತ್ತಿರ ಮುಸ್ಲಿಮರು ಇಲ್ಲಿದ್ದರು. 1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ವಶವಾಯ್ತು. ಬಲವಂತದಿಂದ ಮತಾಂತರವಾದವರ ಮೇಲೆ ಒತ್ತಡ ಹೆಚ್ಚುತ್ತಾ ಹೋಗಿ, 1568ರಲ್ಲಿ ಇದೇ ಬೆಟ್ಟಗಳಲ್ಲಿ ದಂಗೆ ಎದ್ದಿತು. 1571ರ ಹೊತ್ತಿಗೆ ಅದನ್ನು ಅಡಗಿಸಿ, ಜನರನ್ನು ಊರೂರು ಖಾಲಿ ಮಾಡಿಸಿ ಬೇರೆ ಕಡೆ ಅಟ್ಟಿದರು. ಉತ್ತರದಿಂದ ಹೊಸ ಒಕ್ಕಲು ತಂದು ಕೂರಿಸಿದರು. ಬಂದವರಿಗೆ ಈ ಕಾಲುವೆಗಳ ಲೆಕ್ಕಾಚಾರ ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಊರಲ್ಲೂ ಎರಡು ಹಳೆಯ ಮನೆತನಗಳನ್ನು ಉಳಿಸಿಕೊಂಡರು ಅನ್ನೋದು ಇಲ್ಲಿ ಎಲ್ಲರ ಬಾಯಲ್ಲಿರೋ ಕಥೆ. ನಿಜವೋ ಕಥೆಯೋ, ಮನುಷ್ಯರನ್ನು ಓಡಿಸಿದವರಿಗೂ ಅವರ ನೀರಿನ ವಿದ್ಯೆ ಬೇಕಾಯ್ತು.

ಆ ವಿದ್ಯೆ ಸಾಧಾರಣದ್ದಲ್ಲ. ವಸಂತದಲ್ಲಿ ಮೇಲಿನ ಹಿಮ ಒಂದೇ ಸಲ ಕರಗುತ್ತೆ. ಹಾಗೇ ಬಿಟ್ಟರೆ ಎರಡು ತಿಂಗಳಲ್ಲಿ ನದಿಗೆ, ಅಲ್ಲಿಂದ ಸಮುದ್ರಕ್ಕೆ. ಅದಕ್ಕೇ ಮೇಲ್ಗಡೆಯೇ ನೀರನ್ನು ಅಡ್ಡ ತಿರುಗಿಸಿ, ಸೋರೋ ಮಣ್ಣಿನ ಕಾಲುವೆಗಳಲ್ಲಿ ಹರಿಸಿ, ಬಿರುಕು ಬಿಟ್ಟ ಕಲ್ಲಿನ ಜಾಗಗಳಲ್ಲಿ ಬೇಕಂತಲೇ ಇಂಗಿಸ್ತಾರೆ. ಆ ನೀರು ಬೆಟ್ಟದ ಹೊಟ್ಟೆಯೊಳಗೆ ನಿಧಾನಕ್ಕೆ ಇಳಿದು, ವಾರಗಳೋ ತಿಂಗಳುಗಳೋ ಆದಮೇಲೆ, ಬೇಸಿಗೆಯ ನಡುವೆ ಹಳ್ಳಿಯ ಪಕ್ಕ ಒರತೆಯಾಗಿ ಹೊರಬರುತ್ತೆ. ಬೆಟ್ಟವನ್ನೇ ಟ್ಯಾಂಕ್ ಮಾಡಿಕೊಂಡಿರೋದು! ನಾವು ಬೆಂಗಳೂರಲ್ಲಿ ಇಂಗುಗುಂಡಿಗೆ ಕಾನೂನು ಮಾಡಿ, ಫೋಟೊ ತೆಗೆಸಿ, ಮುಚ್ಚಿಬಿಡ್ತೀವಿ.

ಕಾಲುವೆ ನೋಡಿಕೊಳ್ಳೋಕೆ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಸರದಿ ಹಚ್ಚೋಕೆ ಒಬ್ಬ ‘ಅಸೇಕಿಯೇರೊ’ ಇರ್ತಾನೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ. ಲಾ ಸೆಬಾಡಿಯಾದಿಂದ ವಾಪಸ್ ಬರುವಾಗ ಗುದ್ದಲಿ ಹಿಡಿದು ಕಾಲುವೆಯ ಕಸ ಎಳೀತಿದ್ದ ಒಬ್ಬ ಅಜ್ಜ ಸಿಕ್ಕರು. ನಮ್ಮ ಮುರುಕು ಸ್ಪ್ಯಾನಿಷ್, ಫೋನಿನ ಅನುವಾದ, ಕೈಸನ್ನೆ ಸೇರಿ ಅರ್ಧ ತಾಸು ಮಾತಾಡಿದೆವು. ಮಕ್ಕಳಿಬ್ಬರೂ ನಗರದಲ್ಲಿ. ತೋಟ ಇವರದ್ದೇ, ಬಾದಾಮಿ, ವಾಲ್‌ನಟ್, ಒಂದಿಷ್ಟು ಆಲೂಗಡ್ಡೆ. ಮೊದಲೆಲ್ಲ ಚಳಿಗಾಲ ಮುಗಿದ ಕೂಡಲೇ ಇಡೀ ಊರು ಬಂದು ಕಾಲುವೆ ಚೊಕ್ಕ ಮಾಡ್ತಿತ್ತಂತೆ, ಈಗ ಬರೋರನ್ನ ಬೆರಳಲ್ಲಿ ಎಣಿಸಬಹುದಂತೆ. ಸಿಮೆಂಟ್ ಹಾಕಿದ್ರೆ ಸುಲಭ ಅಲ್ವಾ ಅಂತ ನನ್ನ ಗಂಡ ಕೇಳಿದ. ಅಜ್ಜ ಮಾತಾಡದೆ ಕಾಲುವೆ ಕೆಳಗಿದ್ದ ಚೆಸ್ಟ್‌ನಟ್ ಮರಗಳ ಕಡೆ ಗುದ್ದಲಿ ತೋರಿಸಿದರು. ಅವು ಬದುಕಿರೋದೇ ಸೋರೋ ನೀರಿನಿಂದ. ಪೈಪು, ಸಿಮೆಂಟು ಬಂದ ಕಡೆ ಕೆಳಗಿನ ಮರ, ಒರತೆ ಎರಡೂ ಸೊರಗುತ್ತವೆ. ಇಂಜಿನಿಯರ್ ಭಾಷೆಯಲ್ಲಿ ನಾವು ‘ನಷ್ಟ’ ಅಂತ ಬರೆಯೋದೇ ಇಲ್ಲಿ ಕಾಡು.

ಈ ವಿದ್ಯೆ ಇವರ ಕಾಲಕ್ಕೇ ಮುಗಿಯುತ್ತಾ? ಪೂರ್ತಿ ಹಾಗನ್ನೋಕಾಗಲ್ಲ. 2014ರಲ್ಲಿ ಅಲ್ಪುಹಾರಾದ ಕಾನ್ಯಾರ್ ಹಳ್ಳಿಯಲ್ಲಿ ಪಾಳುಬಿದ್ದಿದ್ದ ಒಂದು ಕಾಲುವೆಯನ್ನು ಗ್ರನಾಡಾ ವಿಶ್ವವಿದ್ಯಾಲಯದವರು ಸ್ವಯಂಸೇವಕರ ಜೊತೆ ಸೇರಿ ಮತ್ತೆ ಹರಿಸಿದರು. ಆಮೇಲೆ ಬೇರೆ ಊರುಗಳಲ್ಲೂ ಇಂಥ ಕೆಲಸ ನಡೆದಿದೆ. ಆದರೆ ಸ್ವಯಂಸೇವಕರು ವಾರಾಂತ್ಯಕ್ಕೆ ಬರ್ತಾರೆ, ಕಾಲುವೆಗೆ ದಿನಾ ಬೇಕು. ಕಪಿಲೇರಾದ ಜನಸಂಖ್ಯೆ ಐನೂರು ಚಿಲ್ಲರೆ. ಬಾಡಿಗೆ ಕೋಣೆ, ಹೋಟೆಲುಗಳಿಂದ ಊರು ಉಳಿದಿದೆ ಅನ್ನೋದೂ ನಿಜ, ಕಾಲುವೆ ಕೆಲಸಕ್ಕಿಂತ ಅದೇ ಹಗುರ, ಲಾಭ ಅನ್ನೋದೂ ನಿಜ. ನಾವು ಕೊಟ್ಟ ಬಾಡಿಗೆ ಇದರಲ್ಲಿ ಯಾವ ಕಡೆಗೆ ಸೇರಿತು ಅಂತ ನಂಗೆ ಇನ್ನೂ ಗೊತ್ತಾಗಿಲ್ಲ.

ಈಗ ಶಿಖರದ ವಿಷಯ. ಬೇಸಿಗೆಯಿಂದ ಶರತ್ಕಾಲದ ತನಕ ಊರಿನಿಂದ ರಾಷ್ಟ್ರೀಯ ಉದ್ಯಾನದ ಮಿನಿಬಸ್ಸು 2,700 ಮೀಟರ್ ತನಕ ಬಿಡುತ್ತೆ. ಅಲ್ಲಿಗೆ ಖಾಸಗಿ ವಾಹನ ಬಿಡಲ್ಲ. ಸೀಟು ಮೊದಲೇ ಕಾದಿರಿಸಬೇಕು, ವಾಪಸಿನದ್ದೂ. ಅಲ್ಲಿಂದ ತುದಿಗೆ ಸುಮಾರು 780 ಮೀಟರ್ ಏರು, ಹೋಗಿಬರೋಕೆ ನಾಲ್ಕೈದು ತಾಸು. ದಾರಿ ಕಷ್ಟದ್ದಲ್ಲ, ಕುಮಾರಪರ್ವತ ಹತ್ತಿದವರ ಕಾಲಿಗೆ ಇದು ಸಲೀಸು. ಕಷ್ಟ ಇರೋದು ಎತ್ತರ ಮತ್ತು ಗಾಳಿ. ಎರಡನೇ ದಿನ ಹೋದಾಗ ಊರಲ್ಲಿ ಅರ್ಧ ತೋಳಿನ ಬಿಸಿಲು. 3,200 ಮೀಟರ್ ದಾಟಿದ ಮೇಲೆ ನಿಂತಲ್ಲಿ ನಿಲ್ಲೋಕಾಗದ ಗಾಳಿ. ಮರ ಇಲ್ಲ, ಮರೆ ಇಲ್ಲ, ಬರೀ ಚಪ್ಪಡಿ ಕಲ್ಲು. ಶಿಖರದ ಉತ್ತರದ ಮಗ್ಗುಲು ಕಡಿದಾದ ಪ್ರಪಾತ.

“ಇನ್ನು ಇನ್ನೂರೈವತ್ತು ಮೀಟರ್ ಕಣೇ, ಇಷ್ಟು ದೂರ ಬಂದು...” ಅಂದ ಅವನು.

“ಗಾಳಿ ನೋಡ್ರಿ ಮೊದ್ಲ. ನಡೀರಿ ಕೆಳಗ,” ಅಂದೆ. ಗಾಬರಿಯಾದಾಗ ನನ್ನ ಬಾಯಲ್ಲಿ ಗದಗಿನ ಕನ್ನಡವೇ ಬರೋದು. ಅವನಿಗೂ ಅದು ಗೊತ್ತು. ಸುಮ್ಮನೆ ತಿರುಗಿದ.

ಬೇಸ್ ಮಾಡಿಕೊಂಡು ಒಂದೇ ಊರಲ್ಲಿ ಇರಿ ಅಂತ ನಾನು ಹೇಳೋದು ಇದಕ್ಕೇ. ಮರುದಿನ ಬೆಳಗ್ಗೆ ಗ್ರನಾಡಾಗೆ ಬಸ್ಸು ಹಿಡಿಯಬೇಕು ಅಂತಿದ್ರೆ ನಾವು ಬಹುಶಃ ಆ ಗಾಳಿಯಲ್ಲೇ ಮುಂದೆ ಹೋಗ್ತಿದ್ದೆವು. ಬೆಟ್ಟದಲ್ಲಿ ಜನ ಆಪತ್ತಿಗೆ ಸಿಗೋದು ಎಷ್ಟೋ ಸಲ ದಾರಿಯಿಂದಲ್ಲ, ರಿಟರ್ನ್ ಟಿಕೆಟ್‌ನಿಂದ.

ಗಾಳಿ ಇಳಿಯೋ ತನಕ ಕೆಳಗಿನ ಊರುಗಳಿಗೆ ನಡೆದೆವು. ಕಪಿಲೇರಾದಿಂದ ಬುಬಿಯೋನ್ ಮೂಲಕ ಪಂಪನೇರಾಕ್ಕೆ ಹಳೆಯ ಹೇಸರಗತ್ತೆ ದಾರಿ, ಇಳಿಯೋಕೆ ಒಂದೂವರೆ ತಾಸು. ನಡುವೆ ಕಲ್ಲು ಹಾಸಿದ ದುಂಡನೆಯ ಕಣಗಳು ಸಿಗ್ತವೆ, ಥೇಟ್ ನಮ್ಮ ರಾಶಿ ಮಾಡೋ ಕಣ. ಪಂಪನೇರಾದ ಒಂದು ಓಣಿಯ ನಡುವೆಯೇ ನೀರಿನ ಕಾಲುವೆ ಹರಿಯುತ್ತೆ. ಹಳೆ ಬಟ್ಟೆಯ ಪಟ್ಟಿಗಳಿಂದ ನೇಯ್ದ ಬಣ್ಣಬಣ್ಣದ ಜಮಖಾನೆಗಳು ಬಾಗಿಲುಗಳಿಗೆಲ್ಲ ನೇತಾಡ್ತಿರ್ತವೆ, ಕೌದಿ ಹೊಲಿಯೋರು ನೋಡಲೇಬೇಕು. ಅಲ್ಲೊಂದು ಊರ ನಲ್ಲಿಯಿದೆ. ಅದರ ನೀರು ಕುಡಿದ ಒಂಟಿಗಳಿಗೆ ಮದುವೆ ಕೂಡಿಬರುತ್ತೆ ಅಂತ ಪ್ರತೀತಿ. ಮ್ಯಾಟ್ರಿಮನಿ ಆ್ಯಪ್‌ಗಿಂತ ಅಗ್ಗ.

ಊಟದ ಬಗ್ಗೆ ಒಂದು ಮಾತು, ಸಸ್ಯಾಹಾರಿಗಳಿಗೆ. ಇದು ಹಂದಿಮಾಂಸದ ನಾಡು. ಪಕ್ಕದ ತ್ರೆವೇಲೆಸ್ ಊರಿನ ತಂಪುಗಾಳಿಯಲ್ಲಿ ಒಣಗಿಸಿದ ಹಾಮೋನ್ ಸ್ಪೇನಿಗೇ ಪ್ರಸಿದ್ಧ. ಅಲ್ಪುಹಾರಾದ ತಟ್ಟೆ ಅಂದ್ರೆ ಆಲೂಗಡ್ಡೆ, ಮೊಟ್ಟೆ, ಜೊತೆಗೆ ಮೂರು ಥರದ ಹಂದಿ. ‘ಮಾಂಸ ಬೇಡ’ ಅಂದ್ರೆ ಸಾಲದು, ಹಾಮೋನ್ ಎಷ್ಟೋ ಕಡೆ ಮಾಂಸದ ಲೆಕ್ಕಕ್ಕೇ ಬರಲ್ಲ, ಸಲಾಡ್ ಮೇಲೆ ಟ್ಯೂನಾ ಮೀನು ಉದುರಿಸಿರ್ತಾರೆ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್’ ಅಂತ ಮೂರನ್ನೂ ಬಿಡಿಸಿ ಹೇಳಿ. ‘ಪತಾತಾಸ್ ಅ ಲೊ ಪೋಬ್ರೆ’, ಅಂದ್ರೆ ಬಡವರ ಆಲೂಗಡ್ಡೆ, ಕೇಳಿ: ಈರುಳ್ಳಿ, ಹಸಿರು ದೊಣ್ಣೆಮೆಣಸಿನ ಜೊತೆ ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿರ್ತಾರೆ. ನಮ್ಮ ಪಲ್ಯದ ದೂರದ ನೆಂಟ, ಒಗ್ಗರಣೆ ಒಂದಿಲ್ಲ. ಚಟ್ನಿಪುಡಿ ಡಬ್ಬಿ ಜೊತೆಗಿರಲಿ. ಇನ್ನೊಂದು: ಮಧ್ಯಾಹ್ನ ಎರಡರ ಮೇಲೆ ಅಂಗಡಿಗಳು ಮುಚ್ಚುತ್ತವೆ, ರಾತ್ರಿ ಅಡುಗೆಮನೆ ತೆರೆಯೋದು ಎಂಟರ ಮೇಲೆ. ಚಾರಣದಿಂದ ಐದಕ್ಕೆ ಹಸಿದು ಬಂದವರನ್ನ ಕೇಳೋರಿಲ್ಲ.

ನಾಲ್ಕನೇ ದಿನ ಗಾಳಿ ಬಿತ್ತು. ಮಿನಿಬಸ್ಸಿನಲ್ಲಿ ಎರಡು ಸೀಟು ಉಳಿದಿದ್ದವು. ದಾರಿಯಲ್ಲಿ ಕೊಂಬು ಬಾಗಿದ ಕಾಡುಮೇಕೆಗಳು ನಮ್ಮನ್ನ ಕ್ಯಾರೇ ಅನ್ನದೆ ಮೇಯ್ತಿದ್ದವು. ತುದಿಯಲ್ಲಿ ಹಳೆಯ ಕಲ್ಲುಗೋಡೆಗಳ ಅವಶೇಷ ಇದೆ. 1879ರಲ್ಲಿ ಸ್ಪೇನ್ ಮತ್ತು ಫ್ರಾನ್ಸಿನ ಭೂಮಾಪಕರು ಇಲ್ಲಿಂದ ರಾತ್ರಿ ಹೊತ್ತು ಬೆಳಕು ಬಿಟ್ಟು, ಸಮುದ್ರದಾಚೆಯ ಅಲ್ಜೀರಿಯಾದ ಬೆಟ್ಟಗಳಿಗೆ ಗುರಿಯಿಟ್ಟು, ಯುರೋಪು ಮತ್ತು ಆಫ್ರಿಕಾವನ್ನು ಒಂದೇ ಅಳತೆಯಲ್ಲಿ ಜೋಡಿಸಿದರು. ಮುಲಾಸೆನ್ ಅನ್ನೋ ಹೆಸರು ಗ್ರನಾಡಾದ ಕೊನೆಯ ಸುಲ್ತಾನನ ಅಪ್ಪ ಮೂಲೇ ಹಸನ್‌ನದು. ಅವನನ್ನ ಇಲ್ಲೇ ಹೂಳಿದ್ದಾರೆ ಅಂತ ಐತಿಹ್ಯ.

ಆಕಾಶ ಶುಭ್ರವಾಗಿದ್ದರೆ ದಕ್ಷಿಣಕ್ಕೆ ಸಮುದ್ರ, ಅದರಾಚೆ ಮೊರಾಕ್ಕೊದ ಬೆಟ್ಟಗಳು ಕಾಣ್ತವೆ. ಅವತ್ತು ಸಮುದ್ರದ ಮೇಲೆ ಮಂಜು ಕವಿದಿತ್ತು. ಒಂದು ನೀಲಿ ಗೆರೆ ಕಂಡಿತು, ಅದೇ ಆಫ್ರಿಕಾ ಅಂತ ನನ್ನ ಗಂಡ ಈಗಲೂ ವಾದಿಸ್ತಾನೆ. ನಂಗೆ ಅದು ಮೋಡ. ಕೆಳಗೆ ಕಂದು ಬೆಟ್ಟಗಳ ನಡುವೆ ಕಾಲುವೆಗಳ ಜಾಡು ಮಾತ್ರ ಇಬ್ಬರಿಗೂ ಸ್ಪಷ್ಟವಾಗಿ ಕಾಣ್ತಿತ್ತು, ಅಡ್ಡಡ್ಡಕ್ಕೆ ಎಳೆದ ತೆಳು ಹಸಿರು ಗೆರೆಗಳು.