ಗಿಡುಗವಲ್ಲ, ಕೋಗಿಲೆ

ಹಿತ್ತಲ ನುಗ್ಗೆಮರದಲ್ಲಿ ಒಂದು ಬೆಳಿಗ್ಗೆ ಮೈತುಂಬ ಚುಕ್ಕೆ, ಬಾಲದ ತುಂಬ ಪಟ್ಟೆಯಿದ್ದ ಕಂದು ಹಕ್ಕಿಯೊಂದು ಕೂತಿತ್ತು. ಕಣ್ಣು ಕೆಂಡದ ಹಾಗೆ ಕೆಂಪು. ಗಿಡುಗವೇ ಇರಬೇಕೆಂದು ಫೋಟೊ ತೆಗೆದು, ಹಕ್ಕಿ ನೋಡುವವರ ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ನಿವೃತ್ತ ಶಿಕ್ಷಕಿಯೊಬ್ಬರ ಉತ್ತರ ಬಂತು. ಇವತ್ತಿಗೂ ನಾವಿಬ್ಬರು ಮುಖ ಕಂಡವರಲ್ಲ. ‘ಕೊಕ್ಕು ಒಮ್ಮೆ ನೋಡಿ, ಮಾಂಸ ಹರಿಯುವ ಕೊಕ್ಕೇ ಅದು?’ ಅಷ್ಟೇ.

ಫೋಟೊ ಹಿಗ್ಗಿಸಿ ನೋಡಿದೆ. ಗಿಡುಗದ ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿರಬೇಕು. ಇದರದು ತಿಳಿಹಸಿರು ಬಣ್ಣದ, ಹಣ್ಣು ನುಂಗುವ ಕೊಕ್ಕು. ಹೆಣ್ಣು ಕೋಗಿಲೆ! ಕಪ್ಪಗೆ ಹೊಳೆಯುವ ಗಂಡನ್ನಷ್ಟೇ ಕೋಗಿಲೆ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆ. ಕುಹೂ ಎಂದು ಕೂಗುವುದೂ ಆ ಗಂಡೇ. ಹೆಣ್ಣಿನದು ಕಿಕ್ ಕಿಕ್ ಎನ್ನುವ ಅವಸರದ ದನಿ.

ಆಕೆ ಹೆಸರನ್ನೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಮರೆಯುತ್ತಿದ್ದೆ. ಪ್ರಶ್ನೆ ಕೊಟ್ಟರು, ನೋಡುವುದನ್ನು ಕಲಿತೆ.

ಹೆಸರು ಹೇಳುವ ಸಲಕರಣೆಗಳಿಗೇನು ಬರವಿಲ್ಲ. ಸಲೀಂ ಅಲಿಯವರ ಪುಸ್ತಕ 1941ರಿಂದ ಇದೆ. ಮೂಡಿಗೆರೆಯಲ್ಲಿದ್ದುಕೊಂಡೇ ತೇಜಸ್ವಿ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದುಕೊಟ್ಟರು. ಕಂಡ ಹಕ್ಕಿಯ ಲೆಕ್ಕ ಬರೆದಿಡಲು ಇ-ಬರ್ಡ್ 2002ರಲ್ಲಿ ಬಂತು, ಗಿಡ, ಹುಳು, ಹಕ್ಕಿ ಎಲ್ಲಕ್ಕೂ ಐ-ನ್ಯಾಚುರಲಿಸ್ಟ್ 2008ರಲ್ಲಿ. ಮರ್ಲಿನ್ ಎಂಬ ಆ್ಯಪ್ 2021ರಿಂದ ಕೂಗು ಕೇಳಿಯೇ ಹೆಸರು ಹೇಳುತ್ತಿದೆ. ಇವೆಲ್ಲ ನನ್ನ ಫೋನಿನಲ್ಲಿವೆ, ದಿನವೂ ಬೇಕು. ಆದರೂ ಒಂದೇ ಹಕ್ಕಿಯನ್ನು ಒಬ್ಬರು ಕೆಂಬೂತವೆಂದೂ ಇನ್ನೊಬ್ಬರು ಸಾಂಬಾರಕಾಗೆಯೆಂದೂ ಕರೆದು, ಅಜ್ಜಿಯ ಕಾಲದ ಸಂಗತಿಯೊಂದನ್ನು ಜೊತೆಗಿಡುವುದು ಗುಂಪಿನಲ್ಲಿ ಮಾತ್ರ.

ಹೀಗೆ ತಮ್ಮ ತಮ್ಮ ಕಲಿಕೆಯ ಬಳಗ ಕಟ್ಟಿಕೊಳ್ಳುವುದನ್ನೇ ಪಾಠವಾಗಿಸಿದವರೂ ಇದ್ದಾರೆ. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್, ಸ್ಟೀಫನ್ ಡೌನ್ಸ್ ಸೇರಿ ಒಂದು ಕೋರ್ಸ್ ನಡೆಸಿದರು. ಶುಲ್ಕ ಕಟ್ಟಿದವರು ಸುಮಾರು 25 ಮಂದಿ. ಪುಕ್ಕಟೆಯಾಗಿ ಬಂದು ಕೂಡಿಕೊಂಡವರು 2,000ಕ್ಕೂ ಹೆಚ್ಚು. ಒಬ್ಬೊಬ್ಬರು ಒಂದೊಂದು ಕಡೆ ಬರೆಯುತ್ತಿದ್ದರು, ಒಬ್ಬರ ಬರಹಕ್ಕೆ ಇನ್ನೊಬ್ಬರು ಕೊಂಡಿ ಹಾಕುತ್ತಿದ್ದರು, ದಿನದ ಸುದ್ದಿಯೆಲ್ಲ ಒಂದು ಪತ್ರವಾಗಿ ಎಲ್ಲರ ಮಿಂಚಂಚೆಗೆ ಬರುತ್ತಿತ್ತು. ಯಾರು ಬೇಕಾದರೂ ಸೇರಬಹುದಾದ ಇಂಥ ಆನ್‌ಲೈನ್ ಕೋರ್ಸಿಗೆ ಮೂಕ್ (MOOC) ಎಂಬ ಹೆಸರು ಹುಟ್ಟಿದ್ದು ಆ ಕೋರ್ಸಿನ ನೆಪದಲ್ಲೇ. ಆಮೇಲೆ ಬಂದ ಬಹುಪಾಲು ಮೂಕ್‌ಗಳು ವಿಡಿಯೊ ತೋರಿಸಿ ಪರೀಕ್ಷೆ ಕೊಡುವ ಕಡೆಗೆ ಹೊರಳಿದವು. ಮೊದಲಿನದೇ ಮೇಲು ಎನ್ನುವುದು ನನ್ನ ತೀರ್ಮಾನ. ಕೊಂಡಿ ಹಾಕಬೇಕಾದರೆ ಇನ್ನೊಬ್ಬರು ಬರೆದದ್ದನ್ನು ಪೂರ್ತಿ ಓದಲೇಬೇಕಲ್ಲ!

ಬಳಗಕ್ಕೆ ಹೋಲಿಸಿದರೆ ಸಲಕರಣೆಗಳ ಆಯುಸ್ಸು ಕಡಿಮೆ. ಮೆಚ್ಚಿನ ಬರಹಗಾರರ ಹೊಸ ಬರಹಗಳನ್ನು ಒಂದೆಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2005ರಲ್ಲಿ ಶುರುವಾಗಿ 2013ರ ಜುಲೈ 1ಕ್ಕೆ ಮುಚ್ಚಿತು. ಅದರಲ್ಲಿದ್ದ ತಮ್ಮ ಪಟ್ಟಿಯನ್ನಷ್ಟೇ ನೆಚ್ಚಿಕೊಂಡವರ ಕೈ ಬರಿದಾಯಿತು. ಬರೆಯುವವರಿಗೆ ಒಂದು ಸಾಲಾದರೂ ಮಾರುತ್ತರ ಬರೆದು ಪರಿಚಯ ಬೆಳೆಸಿಕೊಂಡವರು ಬೇರೆಡೆ ಮತ್ತೆ ಭೇಟಿಯಾದರು.

ಮೊನ್ನೆ ಒಂದು ಕೂಗು ಕಳಿಸಿದ್ದೆ. ಟುಕ್, ಟುಕ್, ಟುಕ್, ಹಿತ್ತಾಳೆ ಬಡಿದಂತೆ ಒಂದೇ ಲಯ. ಕಂಚುಗಾರ ಹಕ್ಕಿ ಎಂದು ನನಗೂ ಗೊತ್ತಿತ್ತು. ‘ಹತ್ತಿರ ಯಾವ ಮರ ಹಣ್ಣು ಬಿಟ್ಟಿದೆ?’ ಎಂದು ಶಿವಮೊಗ್ಗದ ಕಡೆಯ ಹುಡುಗನೊಬ್ಬ ಕೇಳಿದ. ಹೋಗಿ ನೋಡಿದರೆ ಬೀದಿಯ ಕೊನೆಯಲ್ಲಿ ಹಣ್ಣು ತುಂಬಿದ ಬಸರಿ ಮರ. ಅಲ್ಲಿಂದ ಮಾತು ಅತ್ತಿಹಣ್ಣಿಗೆ, ಅದರೊಳಗಿನ ಪುಟ್ಟ ಕಣಜಕ್ಕೆ ಹೋಯಿತು. ಆಲ, ಬಸರಿ, ಅತ್ತಿಗಳ ಹೂವಿರುವುದು ಆ ಕಾಯೊಳಗೇ. ಪರಾಗ ಹೊತ್ತು ಒಳಗೆ ನುಗ್ಗಲು ಒಂದೊಂದು ಮರಕ್ಕೂ ಅದರದೇ ಆದ ಜಾತಿಯ ಕಣಜ ಬೇಕು. ಕಣಜವಿಲ್ಲದಿದ್ದರೆ ಬೀಜವಿಲ್ಲ, ಹಣ್ಣಿಲ್ಲದಿದ್ದರೆ ಟುಕ್ ಟುಕ್ ಇಲ್ಲ. ಹಕ್ಕಿ ಗುಂಪು ಆ ರಾತ್ರಿ ಹನ್ನೊಂದರವರೆಗೂ ಮರದ ಗುಂಪಾಗಿತ್ತು.

ನಿಮಗೆ ಪ್ರಿಯವಾದದ್ದು ಹಕ್ಕಿಯೇ ಆಗಬೇಕಿಲ್ಲ. ಶಾಸನ, ಸೀರೆಯ ಅಂಚು, ಹಳೆಯ ರೇಡಿಯೊ, ಏನೇ ಇರಲಿ. ನಾಲ್ಕು ಜನರ ಗುಂಪಾದರೂ ಹುಡುಕಿಕೊಳ್ಳಿ. ಹೊಸಬರು ಹೆಸರು ಕೇಳಿದಾಗ ಮಾತ್ರ ದಯವಿಟ್ಟು ಕೂಡಲೇ ಹೇಳಿಬಿಡಬೇಡಿ, ಕೊಕ್ಕು ಹೇಗಿದೆ ಎಂದು ಮೊದಲು ಕೇಳಿ.