ಎದುರುಪಕ್ಷದ ಮಾತು: ಪ್ರೌಢಶಾಲೆಯ ಚರ್ಚೆ ಮತ್ತು ಬರವಣಿಗೆ

ಪ್ರೌಢಶಾಲೆಗಳಲ್ಲಿ ಚರ್ಚಾಸ್ಪರ್ಧೆ ಎಂಬುದು ಬಹುಮಟ್ಟಿಗೆ ಕಂಠಪಾಠದ ಸ್ಪರ್ಧೆಯಾಗಿದೆ. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ‘ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ’ ಎಂದು ಮೊದಲಾಗುವ ಭಾಷಣವನ್ನು ಎಷ್ಟೋ ವೇಳೆ ಬರೆದವರು ಅಧ್ಯಾಪಕರು, ಒಪ್ಪಿಸುವವರು ಮಕ್ಕಳು. ಎದುರಾಳಿ ಏನು ಹೇಳಿದನೆಂದು ಅಲ್ಲಿ ಕೇಳಿಸಿಕೊಳ್ಳಬೇಕಾಗಿಯೇ ಇಲ್ಲ. ಇದೇ ಮಕ್ಕಳು ಪರೀಕ್ಷೆಯ ಪ್ರಬಂಧದಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳೆಂಬ ಕಟ್ಟಿನೊಳಗೆ ಯಾರೂ ಅಲ್ಲಗಳೆಯದ ಸಂಗತಿಗಳನ್ನು ತುಂಬಿಡುತ್ತಾರೆ. ಯಾರೂ ಅಲ್ಲಗಳೆಯದ ಮಾತಿಗೆ ವಾದದ ಅಗತ್ಯವಾದರೂ ಏನು?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಂಥ ತೆಂಗಿನ ಸೀಮೆಯಲ್ಲಿ ಅಲ್ಲಗಳೆಯಬಹುದಾದ ವಿಷಯಗಳಿಗೆ ಕೊರತೆಯಿಲ್ಲ. ನೀರಾ ಇಳಿಸುವ ಪ್ರಶ್ನೆಯನ್ನೇ ನೋಡಬಹುದು. 1990ರ ದಶಕದ ಕೊನೆಯಲ್ಲಿ ನುಸಿಪೀಡೆ ಹಬ್ಬಿ ಕಾಯಿಗಳು ಕುಗ್ಗಿದಾಗ ಹೊಂಬಾಳೆಯ ರಸವೇ ದಾರಿಯೆಂದು ರಾಜ್ಯದ ಅನೇಕ ರೈತರು ನಂಬಿದರು. 2001ರಲ್ಲಿ ಅದರ ಹಕ್ಕಿಗಾಗಿ ಚಳವಳಿಗೂ ಇಳಿದರು. ನೀರಾ ಕೆಲವೇ ಗಂಟೆಗಳಲ್ಲಿ ಹುಳಿತು ಹೆಂಡವಾಗುವುದೂ ಅಷ್ಟೇ ನಿಜ. ಈ ವಿಷಯವನ್ನು ತರಗತಿಯ ಮುಂದಿಟ್ಟರೆ ತೋಟದ ಮನೆಯ ಹುಡುಗ ಒಂದು ಕಡೆ ನಿಂತಾನು, ಕುಡಿತದಿಂದ ನೊಂದ ಮನೆಯ ಹುಡುಗಿ ಇನ್ನೊಂದು ಕಡೆ. ಇಬ್ಬರಿಗೂ ಕಂಠಪಾಠ ಬೇಕಾಗದು. ಅಧ್ಯಾಪಕರು ಎಚ್ಚರ ತಪ್ಪಬಾರದ ಎಡೆಯೂ ಇದೇ: ಆ ಹುಡುಗಿ ತನ್ನ ಮನೆಯ ಸಂಕಟವನ್ನು ಪುರಾವೆಯಾಗಿ ಒಪ್ಪಿಸಬೇಕಾಗಿ ಬರಕೂಡದು.

ಚರ್ಚೆ ಬರವಣಿಗೆಗೆ ತಿರುಗುವ ಘಟ್ಟ ಮುಂದಿನದು. ಮಾತು ಮುಗಿದ ಮೇಲೆ ಪ್ರತಿಯೊಬ್ಬರೂ ಎದುರುಪಕ್ಷದ ಅತ್ಯಂತ ಬಲವಾದ ವಾದವನ್ನು, ಆ ಪಕ್ಷದವರೇ ಒಪ್ಪುವಂತೆ, ಮೊದಲು ಬರೆಯಬೇಕು; ಉತ್ತರ ಅನಂತರ. ಪೂರ್ವಪಕ್ಷವನ್ನು ನಿರೂಪಿಸಿ ಸಿದ್ಧಾಂತಕ್ಕೆ ಬರುವುದು ಶಾಸ್ತ್ರಗ್ರಂಥಗಳ ಹಳೆಯ ಕ್ರಮ. ಶೂನ್ಯಸಂಪಾದನೆ ವಚನಗಳನ್ನು ಸಂವಾದವಾಗಿ ಹೆಣೆದದ್ದರಿಂದಲೇ ಅಲ್ಲಿ ಎದುರುಮಾತಿಗೂ ತೂಕವಿದೆ. ಇದೇ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀ. ಅವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿವಾದದ ವಿರೋಧಿಗಳನ್ನೂ ಚರ್ಚಿಸಿದ್ದಾರೆ. ಸ್ನಾತಕೋತ್ತರ ತರಗತಿಗಳಲ್ಲಿ ಇವನ್ನೆಲ್ಲ ಬೋಧಿಸುವ ಕನ್ನಡ ವಿಭಾಗಗಳು ಪ್ರೌಢಶಾಲೆಯ ಪ್ರಬಂಧವನ್ನು ಮಾತ್ರ ಮರೆತಿರುವುದೇಕೋ ತಿಳಿಯದು.

ಎದುರುಮಾತನ್ನು ಬರೆದ ಕೂಡಲೇ ವಾಕ್ಯರಚನೆಯೇ ಬದಲಾಗುತ್ತದೆ. ಮೊದಲ ಕರಡಿನ ‘ನೀರಾ ಆರೋಗ್ಯಕರ, ಆದ್ದರಿಂದ ಇಳಿಸಬೇಕು’ ಎಂಬುದು, ‘ನೀರಾ ಹುಳಿಯುವುದು ನಿಜ, ಇಳಿಸಿದೊಡನೆ ತಂಪಿನಲ್ಲಿಡುವ ಏರ್ಪಾಡು ಊರಲ್ಲೇ ಇದ್ದರೆ ಮಾತ್ರ ಇಳಿಸಬಹುದು’ ಎಂದಾಗುತ್ತದೆ. ‘ಆದರೂ’, ‘ಹೊರತು’, ‘ಮಾತ್ರ’ ಮುಂತಾದ ಪದಗಳು ವ್ಯಾಕರಣದ ಪಟ್ಟಿಯಿಂದೆದ್ದು ಕೆಲಸಕ್ಕೆ ನಿಲ್ಲುತ್ತವೆ. ಬರೆಯುತ್ತ ಬರೆಯುತ್ತ ಪಕ್ಷವನ್ನೇ ಬದಲಿಸಿಬಿಡುವ ಮಕ್ಕಳೂ ಉಂಟು. ಅದಕ್ಕಾಗಿ ಅಂಕ ಕಳೆಯುವ ಅಧ್ಯಾಪಕರೂ ಉಂಟು.